ಎಲೆ ಕಿರಿದಾಗುತ್ತದೆ, ಕಾಯಿ ಕಿರಿದಾಗುವುದಿಲ್ಲ

ಬೋನ್ಸಾಯ್ ಬೆಳೆಸುವವರು ವರ್ಷಗಟ್ಟಲೆ ಮಾಡುವ ಕೆಲಸದ ಬಹುಪಾಲು ಮರದ ಅಳತೆಗಳನ್ನು ಒಂದಕ್ಕೊಂದು ಹೊಂದಿಸುವುದೇ ಆಗಿರುತ್ತದೆ. ಬೇರನ್ನು ಸವರಿ, ಕುಡಿಯನ್ನು ಚಿವುಟಿ, ಕೆಲವೊಮ್ಮೆ ಎಲೆಗಳನ್ನೆಲ್ಲ ಬಿಡಿಸಿ, ಗಿಣ್ಣಿನಿಂದ ಗಿಣ್ಣಿಗಿರುವ ಅಂತರವನ್ನು ಕಡಿಮೆ ಮಾಡುತ್ತ ಹೋದರೆ ಎಲೆ ಕಿರಿದಾಗುತ್ತದೆ, ರೆಂಬೆ ಸಣ್ಣಸಣ್ಣದಾಗಿ ಕವಲೊಡೆಯುತ್ತದೆ, ಒಂದೂವರೆ ಅಡಿಯ ಗಿಡ ದೂರದಲ್ಲಿ ನಿಂತ ಹಳೆಯ ಮರದಂತೆ ಕಾಣತೊಡಗುತ್ತದೆ. ಈ ಲೆಕ್ಕಕ್ಕೆ ಬಗ್ಗದಿರುವುದು ಹೂವು ಮತ್ತು ಕಾಯಿ. ಗಿಡವನ್ನು ಎಷ್ಟೇ ಚಿಕ್ಕ ತಟ್ಟೆಯಲ್ಲಿ ಬೆಳೆಸಿದರೂ ಅದರ ಹೂವು ತನ್ನ ಜಾತಿಗೆ ಸಹಜವಾದ ಗಾತ್ರದಲ್ಲೇ ಅರಳುತ್ತದೆ. ಕಾಯಿಯೂ ಹೆಚ್ಚುಕಡಿಮೆ ತನ್ನ ಪೂರ್ಣ ಗಾತ್ರಕ್ಕೇ ಬೆಳೆಯಲು ನೋಡುತ್ತದೆ. ಹೂವು, ಹಣ್ಣು ಬಿಡುವ ಬೋನ್ಸಾಯ್‌ಗಳ ಆರೈಕೆಯಲ್ಲಿ ಎದುರಾಗುವ ಬಹುತೇಕ ತೊಡಕುಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ ಎಂಬುದು ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿ ದಾಳಿಂಬೆಯನ್ನು ಸಾಕುತ್ತ ಬಂದ ನನಗೆ ನಿಧಾನವಾಗಿ ಮನದಟ್ಟಾದ ವಿಷಯ.

ಎಲೆ ದುಡಿಯುತ್ತದೆ, ಕಾಯಿ ಖರ್ಚು ಮಾಡುತ್ತದೆ. ನೆಲದಲ್ಲಿರುವ ಮರಕ್ಕೆ ಸಾವಿರಾರು ಎಲೆಗಳ ದುಡಿಮೆಯಿರುವುದರಿಂದ ಹತ್ತಾರು ಕಾಯಿಗಳ ಖರ್ಚು ಅದಕ್ಕೆ ಭಾರವೆನಿಸುವುದಿಲ್ಲ. ತಟ್ಟೆಯಲ್ಲಿರುವ ಗಿಡದ ಎಲೆಗಳನ್ನು ನಾವೇ ಕಿರಿದಾಗಿಸಿ, ಎಣಿಕೆಯಲ್ಲೂ ಕಡಿಮೆ ಮಾಡಿ, ಬೇರಿಗೆ ಎರಡು ಹಿಡಿ ಮಣ್ಣಷ್ಟೇ ಕೊಟ್ಟಿರುತ್ತೇವೆ. ಆ ಆದಾಯದಲ್ಲಿ ಅದು ಪೂರ್ಣ ಗಾತ್ರದ ಕಾಯಿಯೊಂದನ್ನು, ಅದರೊಳಗಿನ ನೂರಾರು ಬೀಜಗಳ ಸಮೇತ, ಐದಾರು ತಿಂಗಳ ಕಾಲ ಸಾಕಬೇಕು. ಹೂವಿನ ಖರ್ಚು ಅಷ್ಟಿಲ್ಲ. ಕೆಲವು ದಿನಗಳಲ್ಲಿ ಮುಗಿಯುತ್ತದೆ. ಬೀಜ ಕಟ್ಟುವ ಖರ್ಚು ದೊಡ್ಡದು. ಆದ್ದರಿಂದ ಹಣ್ಣಿನ ಬೋನ್ಸಾಯ್ ಸಾಕುವವರು ಎಲ್ಲಕ್ಕಿಂತ ಮೊದಲು ಕಲಿಯಬೇಕಾದದ್ದು ಕಾಯಿ ತೆಗೆಯುವುದನ್ನು.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನವರಿಯಲ್ಲೂ ಆಗಸ್ಟ್‌ನಲ್ಲೂ ನಡೆಯುವ ಫಲಪುಷ್ಪ ಪ್ರದರ್ಶನಗಳಿಗೆ ಹೋದವರು ಒಂದು ವಿಷಯವನ್ನು ಗಮನಿಸಿರಬಹುದು. ಬೋನ್ಸಾಯ್‌ಗಳನ್ನು ಸಾಲಾಗಿ ಇಟ್ಟಿರುವ ಕಡೆ ಜನ ಆಲ, ಗೋಣಿ, ಬಸರಿಗಳ ಮುಂದೆ ಮೆಚ್ಚಿಗೆಯಿಂದ ನಡೆದುಹೋಗುತ್ತಾರೆ, ಆದರೆ ಕಾಯಿ ಬಿಟ್ಟ ಗಿಡವೊಂದು ಕಂಡರೆ ಅಲ್ಲೇ ನಿಂತುಬಿಡುತ್ತಾರೆ. ಮಕ್ಕಳು ಅದು ನಿಜವಾದ ಹಣ್ಣೇ ಎಂದು ಕೇಳುತ್ತಾರೆ, ದೊಡ್ಡವರು ಮುಟ್ಟಿ ನೋಡಲು ಕೈ ಚಾಚುತ್ತಾರೆ. ಈ ಆಕರ್ಷಣೆ ಸಹಜವಾದದ್ದೇ. ಆದರೆ ಹತ್ತಾರು ಕಾಯಿಗಳು ತೂಗುತ್ತಿರುವ ಅಂಗೈಯಗಲದ ಗಿಡವನ್ನು ನೋಡಿದಾಗ ನನಗೆ ಅದರ ಮುಂದಿನ ವರ್ಷದ ಯೋಚನೆ ಬರುತ್ತದೆ. ಪ್ರದರ್ಶನದ ಹತ್ತು ದಿನಗಳಿಗೆ ಚೆನ್ನಾಗಿ ಕಾಣುವ ಅಷ್ಟೊಂದು ಫಸಲನ್ನು ಹೊತ್ತ ಗಿಡ ಮರುವರ್ಷ ಹೂವನ್ನೇ ಬಿಡದೆ ಸುಮ್ಮನಿರುವುದು ಸಾಮಾನ್ಯ; ಕೆಳಗಿನ ತೆಳ್ಳನೆಯ ರೆಂಬೆಯೊಂದು ಒಣಗಿಹೋಗುವುದೂ ಉಂಟು.

ಜಪಾನಿನಲ್ಲಿ ಹೂವಿನ ಸೊಬಗಿಗೆ ಬೆಳೆಸುವ ಬೋನ್ಸಾಯ್‌ಗಳನ್ನು ಹನಾಮೊನೊ ಎಂದೂ ಹಣ್ಣಿಗಾಗಿ ಬೆಳೆಸುವವನ್ನು ಮಿಮೊನೊ ಎಂದೂ ಬೇರೆ ಬೇರೆಯಾಗಿಯೇ ಕಾಣುತ್ತಾರೆ. ಗೋಲಿಗಿಂತ ತುಸು ದೊಡ್ಡದಾದ ಹಣ್ಣು ಬಿಡುವ ಪುಟ್ಟ ಸೇಬಿನ ಗಿಡ, ಎಲೆ ಉದುರಿದ ಮೇಲೂ ಬರಿಯ ರೆಂಬೆಗಳಲ್ಲಿ ಕೆಂಪು ಮಣಿಗಳನ್ನು ಉಳಿಸಿಕೊಳ್ಳುವ ಉಮೆಮೊದೊಕಿ, ಸಣ್ಣ ಕಾಯಿಯ ಪರ್ಸಿಮನ್ ಇವೆಲ್ಲ ಅಲ್ಲಿನವರಿಗೆ ಪ್ರಿಯವಾದವು. ಕಾಯಿ ಕಿರಿದಾಗುವುದಿಲ್ಲ ಎಂಬ ತೊಡಕಿಗೆ ಅವರು ಕಂಡುಕೊಂಡ ಉತ್ತರ ಸರಳವಾದದ್ದು: ಹುಟ್ಟಿನಿಂದಲೇ ಕಾಯಿ ಸಣ್ಣದಾಗಿರುವ ಜಾತಿಯನ್ನೇ ಆರಿಸಿಕೊಳ್ಳುವುದು. ಈ ಆಯ್ಕೆಯ ತತ್ವ ನಮಗೂ ಒಪ್ಪುತ್ತದೆ, ಗಿಡಗಳು ಮಾತ್ರ ಒಪ್ಪುವುದಿಲ್ಲ. ಸೇಬಿನಂಥವು ಚೆನ್ನಾಗಿ ಹೂ ಬಿಡಬೇಕಾದರೆ ಚಳಿಗಾಲದ ದೀರ್ಘ ನಿದ್ರೆ ಬೇಕು. ಮೈಸೂರಿನ ಡಿಸೆಂಬರ್ ತಿಂಗಳ ಚಳಿ ಅವಕ್ಕೆ ಸಾಲದು. ನಮ್ಮ ಹವೆಯಲ್ಲಿ ನೆಮ್ಮದಿಯಾಗಿ ಬಾಳುವವೆಂದರೆ ಮಳೆ ಬಿದ್ದೊಡನೆ ಬಿಳಿಯ ಹೂ ತಳೆಯುವ ಕಾಮಿನಿ, ವರ್ಷದಲ್ಲಿ ಹಲವು ಸಲ ಕೆಂಪು ಹಣ್ಣು ಕೊಡುವ ಬಾರ್ಬಡೋಸ್ ಚೆರ್ರಿ, ಕವಳೆ, ನಿಂಬೆಯ ಬಳಗದ ಸಣ್ಣ ಜಾತಿಗಳು ಮತ್ತು ದಾಳಿಂಬೆ. ಕಾಗದದ ಹೂವಿನ ಗಿಡವನ್ನು ನಾನು ಈ ಸಾಲಿನಲ್ಲಿ ಸೇರಿಸುವುದಿಲ್ಲ. ಅದರ ಬಣ್ಣವೆಲ್ಲ ಹೂವನ್ನು ಸುತ್ತಿಕೊಂಡಿರುವ ಪಕಳೆಯಂಥ ಎಲೆಗಳದ್ದು, ಕಾಯಿಯ ಗೊಡವೆಯೇ ಅದಕ್ಕಿಲ್ಲ. ಹೊಸದಾಗಿ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಗಿಡ ಇನ್ನೊಂದಿಲ್ಲ ಎಂಬುದು ಬೇರೆ ಮಾತು.

ದಾಳಿಂಬೆಯಲ್ಲಿ ಎರಡು ದಾರಿಗಳಿವೆ. ನರ್ಸರಿಗಳಲ್ಲಿ ಕುಬ್ಜ ದಾಳಿಂಬೆ ಎಂದು ಮಾರುವ, ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ 'ನಾನಾ' ಎಂಬ ತಳಿಯಾಗಿ ನಮೂದಾಗಿರುವ ಗಿಡ ಎಳೆಯದರಲ್ಲೇ ಹೂ ಬಿಡುತ್ತದೆ. ಅದರ ಎಲೆ ಕಿರಿದು, ಕಾಯಿ ನಿಂಬೆಹಣ್ಣಿನಷ್ಟು. ಅದರ ಕೊರತೆಯೆಂದರೆ ಕಾಂಡ. ಎಷ್ಟು ವರ್ಷ ಕಾದರೂ ಅದು ದಪ್ಪವಾಗಲು ಮನಸ್ಸು ಮಾಡುವುದಿಲ್ಲ. ಸಾಮಾನ್ಯ ದಾಳಿಂಬೆಯ ಕಾಂಡವಾದರೋ ವಯಸ್ಸಾದಂತೆ ತಾನಾಗಿಯೇ ತಿರುಚಿಕೊಳ್ಳುತ್ತದೆ, ತೊಗಟೆ ಹಕ್ಕಳೆಯಾಗಿ ಏಳುತ್ತದೆ, ಮರಕ್ಕೆ ಬೇಕಾದ ಮುಪ್ಪಿನ ಚೆಲುವು ಬಹು ಬೇಗ ಬರುತ್ತದೆ. ಆದರೆ ಅದರ ಕಾಯಿ ಮುಷ್ಟಿಯಷ್ಟಾಗುತ್ತದೆ. ನನ್ನ ಬಳಿ ಎರಡೂ ಇವೆ. ನನಗೆ ಹೆಚ್ಚು ಕಲಿಸಿದ್ದು ಎರಡನೆಯದು. ಶಿರಾದಲ್ಲಿರುವ ಅತ್ತಿಗೆಯ ಮನೆಯ ಹಿತ್ತಲಿನಲ್ಲಿದ್ದ ಹಳೆಯ ದಾಳಿಂಬೆಯ ಹೆಬ್ಬೆರಳಿಗಿಂತ ದಪ್ಪನಾದ ರೆಂಬೆಯೊಂದಕ್ಕೆ ಮಳೆಗಾಲದ ಮೊದಲಲ್ಲಿ ಗೂಟಿ ಕಟ್ಟಿ, ಬೇರು ಬಿಟ್ಟ ಮೇಲೆ ಕತ್ತರಿಸಿ ತಂದದ್ದು ಅದು. ದಪ್ಪ ರೆಂಬೆಗೆ ಗೂಟಿ ಕಟ್ಟುವುದರ ಲಾಭವೆಂದರೆ ಕಾಂಡದ ವಯಸ್ಸು ನಮಗೆ ಬಳುವಳಿಯಾಗಿ ಸಿಗುತ್ತದೆ, ಬೀಜದ ಗಿಡದಂತೆ ಹೂವಿಗಾಗಿ ಕಾಯಬೇಕಾಗಿಯೂ ಇಲ್ಲ. ರೋಗದಿಂದ ಬೇಸತ್ತು ಕಿತ್ತು ಹಾಕಿದ ತೋಟಗಳ ಬೊಡ್ಡೆಗಳನ್ನು ತಂದು ಬೆಳೆಸುವವರೂ ಇದ್ದಾರೆ. ಬೊಡ್ಡೆಯ ರೂಪಕ್ಕೆ ಮನಸೋಲುವುದು ಸುಲಭವಾದರೂ ದುಂಡಾಣು ಅಂಗಮಾರಿ ಇದ್ದ ತೋಟದಿಂದ ಏನನ್ನೂ ಮನೆಗೆ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ರೋಗ ಗಿಡದ ತುಂಡುಗಳ ಜೊತೆಗೇ ಪಯಣಿಸುತ್ತದೆ.

ಹೂವಿನ ಬೋನ್ಸಾಯ್ ಸಾಕುವವರ ಮುಖ್ಯವಾದ ಇಕ್ಕಟ್ಟು ಕತ್ತರಿಯದು. ಬೋನ್ಸಾಯ್‌ನ ಪಾಠವೆಲ್ಲ ಕುಡಿ ಚಿವುಟುವುದರಲ್ಲಿದೆ: ಚಿಗುರು ಮೂರು ನಾಲ್ಕು ಜೊತೆ ಎಲೆ ಬಿಟ್ಟೊಡನೆ ಮೊದಲ ಜೊತೆಗೆ ಇಳಿಸಬೇಕು, ಆಗಲೇ ಅದು ಕವಲೊಡೆಯುತ್ತದೆ, ಆಗಲೇ ಹಂದರ ದಟ್ಟವಾಗುತ್ತದೆ. ದಾಳಿಂಬೆ ಹೂ ಬಿಡುವುದು ಆ ಹಂಗಾಮಿನ ಹೊಸ ಚಿಗುರಿನ ತುದಿಯಲ್ಲಿ. ಚಿವುಟಿದರೆ ಚಿವುಟಿದ್ದು ಹೂವನ್ನೇ. ಆಕಾರವನ್ನು ಕಾಯಲು ಹೊರಟವರಿಗೆ ವರ್ಷಗಟ್ಟಲೆ ಹೂವಿನ ದರ್ಶನವಾಗದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ಗೊಬ್ಬರ, ಬಿಸಿಲು ಎಲ್ಲ ಸರಿಯಿದ್ದೂ ಕೈಯ ಚಾಳಿಯೊಂದೇ ಸಾಕು. ಹೂವು ಬೇಕಾದರೆ ಕೆಲವು ತಿಂಗಳು ಗಿಡ ಕೆದರಿಕೊಂಡು ನಿಲ್ಲುವುದನ್ನು ನೋಡಿಕೊಂಡಿರಬೇಕು. ಉದ್ದುದ್ದ ಹೋಗುವ ನೀರು ಚಿಗುರುಗಳನ್ನೂ ಬುಡದಿಂದ ಏಳುವ ಹಿಳ್ಳುಗಳನ್ನೂ ತೆಗೆಯಬಹುದು, ತೆಗೆಯಲೇಬೇಕು, ಏಕೆಂದರೆ ದಾಳಿಂಬೆಗೆ ಪೊದೆಯಾಗುವ ಹಂಬಲ ಎಂದೂ ಬಿಡುವುದಿಲ್ಲ. ಆದರೆ ಮೋಟುಮೋಟಾಗಿ, ಎರಡು ಮೂರು ಅಂಗುಲಕ್ಕೆ ನಿಂತು ತುದಿಯಲ್ಲಿ ಕೆಂಪಗೆ ಗಟ್ಟಿಯಾಗುವ ಗಿಡ್ಡ ರೆಂಬೆಗಳನ್ನು ಮುಟ್ಟಬಾರದು. ಹೂವು ಬರುವುದು ಅಲ್ಲಿ.

ಕಾಮಿನಿಯ ಕಥೆಯೂ ಇದೇ. ಅದರ ಹೂವು ಮುಗಿದ ಕೂಡಲೇ ಸವರಿದರೆ ಮುಂದಿನ ಹೂವಿಗೆ ಚಿಗುರು ಸಿಗುತ್ತದೆ, ತಡಮಾಡಿದರೆ ಇಲ್ಲ.

ಹೂವು ತರಿಸುವ ಉಪಾಯವನ್ನು ನಾನು ಕಲಿತದ್ದು ಬೋನ್ಸಾಯ್‌ನವರಿಗಿಂತ ಹೆಚ್ಚಾಗಿ ದಾಳಿಂಬೆ ಬೆಳೆಗಾರರಿಂದ. ಬಾಗಲಕೋಟೆ, ಕೊಪ್ಪಳ, ವಿಜಯಪುರ, ಚಿತ್ರದುರ್ಗದ ಕಡೆಯ ಬೆಳೆಗಾರರು ಬಹಾರ್ ಎಂಬ ಲೆಕ್ಕದಲ್ಲಿ ಮಾತನಾಡುತ್ತಾರೆ. ನಮ್ಮ ಹವೆಯಲ್ಲಿ ದಾಳಿಂಬೆ ವರ್ಷವಿಡೀ ಅಷ್ಟಿಷ್ಟು ಹೂ ಬಿಡುತ್ತಲೇ ಇರುತ್ತದೆ. ಹಾಗೆ ಬಿಟ್ಟರೆ ಒಳ್ಳೆಯ ಫಸಲಿಲ್ಲ. ಅದಕ್ಕಾಗಿ ಒಂದೆರಡು ತಿಂಗಳು ನೀರು ನಿಲ್ಲಿಸಿ, ಗಿಡಕ್ಕೆ ವಿಶ್ರಾಂತಿ ಕೊಟ್ಟು, ಎಲೆ ಉದುರಿದ ಮೇಲೆ ಹಗುರವಾಗಿ ಸವರಿ, ಗೊಬ್ಬರ ಹಾಕಿ ನೀರು ಬಿಟ್ಟರೆ ಗಿಡ ಒಟ್ಟಿಗೆ ಚಿಗುರಿ ಒಟ್ಟಿಗೆ ಹೂವಾಗುತ್ತದೆ. ಮಾವು ಹೂ ಬಿಡುವ ಜನವರಿ ಫೆಬ್ರವರಿಯಲ್ಲಿ ಹೂವಾದರೆ ಅಂಬೆ ಬಹಾರ್, ಮೃಗಶಿರ ಮಳೆಯ ಹೊತ್ತಿಗಾದರೆ ಮೃಗ ಬಹಾರ್, ಹಸ್ತ ಮಳೆಯ ಹೊತ್ತಿಗಾದರೆ ಹಸ್ತ ಬಹಾರ್. ನೀರಿನ ಅಭಾವ ಕಂಡ ಗಿಡ ಬೆಳವಣಿಗೆಯನ್ನು ನಿಲ್ಲಿಸಿ ರೆಂಬೆಗಳಲ್ಲಿ ಪಿಷ್ಟವನ್ನು ಕೂಡಿಟ್ಟುಕೊಳ್ಳುತ್ತದೆ. ನೀರು ಬಂದಾಗ ಆ ಸಂಗ್ರಹ ಎಲೆಯ ಜೊತೆಗೆ ಹೂವಿಗೂ ಹೋಗುತ್ತದೆ.

ತಟ್ಟೆಯ ಗಿಡಕ್ಕೆ ತಿಂಗಳುಗಟ್ಟಲೆ ನೀರು ನಿಲ್ಲಿಸಿದರೆ ಅದು ಸತ್ತೇ ಹೋಗುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಹೊಲದ ಬೇರು ಆಳದಲ್ಲಿ ತೇವ ಹುಡುಕುತ್ತದೆ, ಮೂರು ಅಂಗುಲದ ತಟ್ಟೆಯ ಬೇರಿಗೆ ಆಳವೇ ಇಲ್ಲ. ನಾನು ಮಾಡುವುದು ಅದರ ಪುಟ್ಟ ನಕಲು. ಡಿಸೆಂಬರ್ ಕೊನೆಯಿಂದ ನೀರನ್ನು ಹಿಡಿದು ಹಿಡಿದು ಕೊಡುತ್ತೇನೆ: ಮಣ್ಣಿಗೆ ಚುಚ್ಚಿಟ್ಟ ಬಿದಿರಿನ ಕಡ್ಡಿಯನ್ನು ಎಳೆದು ನೋಡಿದಾಗ ತುದಿಯಲ್ಲಿ ಮಾತ್ರ ತೇವದ ಬಣ್ಣ ಉಳಿದಿರಬೇಕು, ಎಳೆಯ ಎಲೆ ಬೆಳಗಿನ ಹೊತ್ತಿನಲ್ಲೂ ಸ್ವಲ್ಪ ಬಾಡಿದಂತೆ ಕಂಡಾಗ ಅರ್ಧ ನೀರು. ಎರಡು ಮೂರು ವಾರಗಳಲ್ಲಿ ಹಳೆಯ ಎಲೆಗಳು ಹಳದಿಯಾಗಿ ಉದುರುತ್ತವೆ, ಉಳಿದವನ್ನು ಕೈಯಿಂದ ಬಿಡಿಸುತ್ತೇನೆ. ಮಣ್ಣು ಬದಲಿಸುವ ವರ್ಷವಾಗಿದ್ದರೆ ಅದಕ್ಕೂ ಇದೇ ಹೊತ್ತು. ದಾಳಿಂಬೆಗೆ ಎರಡು ವರ್ಷಕ್ಕೊಮ್ಮೆ ಮಣ್ಣು ಬದಲಿಸಿದರೆ ಸಾಕು. ಬೇರಿನ ಮೂರನೆಯ ಒಂದು ಭಾಗವನ್ನು ತೆಗೆದರೂ ಅದು ಮುನಿಸಿಕೊಳ್ಳುವುದಿಲ್ಲ. ಕಾಯಿ ಹೊತ್ತ ಗಿಡದ ಬೇರನ್ನು ಮಾತ್ರ ಯಾವ ಕಾರಣಕ್ಕೂ ಕದಲಿಸಬಾರದು.

ಮಣ್ಣಿನ ವಿಷಯದಲ್ಲಿ ಜಪಾನಿನ ಅಕಾಡಾಮಾಕ್ಕಾಗಿ ಹಣ ಸುರಿಯುವುದು ನನಗೆ ಅನಗತ್ಯವೆನಿಸಿದೆ. ಹಳೆಯ ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, ಜೋಳದ ಕಾಳಿನಷ್ಟಿರುವ ಚೂರುಗಳನ್ನು ಉಳಿಸಿಕೊಂಡು, ಅದಕ್ಕೆ ದಪ್ಪ ಮರಳು, ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿದರೆ ಆಯಿತು. ಜರಡಿಯಿಂದ ಕೆಳಗಿಳಿದ ಪುಡಿಯನ್ನು ಮೋಹಪಡದೆ ಎಸೆಯಬೇಕು, ತಟ್ಟೆಯ ತಳದಲ್ಲಿ ಕೆಸರು ಕಟ್ಟಿ ಬೇರು ಕೊಳೆಯುವುದು ಆ ಪುಡಿಯಿಂದಲೇ. ಗೊಬ್ಬರದಲ್ಲಿ ನೆನಪಿಡಬೇಕಾದದ್ದೊಂದೇ, ಸಾರಜನಕ ಹೆಚ್ಚಾದರೆ ಎಲೆ ಚೆಂದ, ಹೂವಿಲ್ಲ. ಹೂವಿಗೆ ಮುನ್ನ ಮೂಳೆ ಪುಡಿಯನ್ನೂ ಒಂದಿಷ್ಟು ಸೌದೆಯ ಬೂದಿಯನ್ನೂ, ಕಾಯಿ ನಿಂತ ಮೇಲೆ ಹೊಂಗೆ ಹಿಂಡಿ, ಬೇವಿನ ಹಿಂಡಿಗಳನ್ನೂ ಕೊಡುತ್ತೇನೆ. ಕಡಲೆಕಾಯಿ ಹಿಂಡಿಯನ್ನು ನೆನೆಸಿ ತೆಳುವಾಗಿಸಿ ಹಾಕಿದರೆ ಗಿಡ ಬಹಳ ಬೇಗ ಸ್ಪಂದಿಸುತ್ತದೆ, ತಾರಸಿಯ ಮೇಲೆ ಬಟ್ಟೆ ಒಣಗಿಸುವವರೂ ಅಷ್ಟೇ ಬೇಗ ಸ್ಪಂದಿಸುತ್ತಾರೆ.

ಹೂವು ಬಂದಾಗ ಅದನ್ನು ಹತ್ತಿರದಿಂದ ನೋಡುವುದು ಅಗತ್ಯ, ಸಂತೋಷಕ್ಕೆ ಮಾತ್ರವಲ್ಲ. ದಾಳಿಂಬೆಯಲ್ಲಿ ಎರಡು ಬಗೆಯ ಹೂವುಗಳಿರುತ್ತವೆ. ಎರಡರಲ್ಲೂ ಅದೇ ಮೇಣದಂಥ ದಪ್ಪ ಕೆಂಪು ಹೊರಕೋಶ, ಇಸ್ತ್ರಿ ಕಾಣದ ರೇಷ್ಮೆಯಂತೆ ಸುಕ್ಕುಗಟ್ಟಿದ ಅದೇ ದಳಗಳು. ವ್ಯತ್ಯಾಸವಿರುವುದು ತೊಟ್ಟಿನ ಹತ್ತಿರ. ಒಂದು ಬಗೆಯ ಹೂವು ಗಂಟೆಯ ಹಾಗೆ ತೊಟ್ಟಿನ ಕಡೆಗೆ ಚೂಪಾಗುತ್ತ ಹೋಗುತ್ತದೆ. ಬೆರಳಲ್ಲಿ ಹಿಡಿದರೆ ಅಲ್ಲಿ ಹಿಡಿತಕ್ಕೆ ಏನೂ ಸಿಗುವುದಿಲ್ಲ. ಇನ್ನೊಂದರ ಬುಡ ಹೂಜಿಯಂತೆ ದುಂಡಗೆ ಉಬ್ಬಿರುತ್ತದೆ, ಒತ್ತಿದರೆ ಗಟ್ಟಿಯಾಗಿ ತಾಕುತ್ತದೆ, ಕೇಸರಗಳ ನಡುವೆ ಶಲಾಕೆ ಎತ್ತರಕ್ಕೆ ನಿಂತಿರುತ್ತದೆ. ಮೊದಲನೆಯದು ಗಂಡು ಹೂವಿನ ಕೆಲಸವನ್ನಷ್ಟೇ ಮಾಡಿ ಉದುರುತ್ತದೆ, ಕಾಯಿಯಾಗುವುದು ಎರಡನೆಯದು. ಗಿಡದಡಿ ಕೆಂಪು ಹೂವುಗಳು ಚೆಲ್ಲಿರುವುದನ್ನು ಕಂಡು ಗಾಬರಿಯಾಗಿ ಔಷಧಿ ಸಿಂಪಡಿಸುವವರು ಬಹಳ ಮಂದಿ. ಬಿದ್ದ ಹೂವನ್ನು ಎತ್ತಿ ಅದರ ಬುಡ ನೋಡಿದರೆ ಗಾಬರಿಗೆ ಕಾರಣವಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಉದುರಿದವೆಲ್ಲ ಚೂಪು ಬುಡದವಾದರೆ ಅದು ಗಿಡದ ಸಹಜ ವ್ಯವಹಾರ. ಹೂಜಿಯಂಥವೂ ಉದುರುತ್ತಿದ್ದರೆ ನೀರು, ಬಿಸಿಲು, ಪರಾಗಸ್ಪರ್ಶ ಈ ಮೂರರಲ್ಲಿ ಯಾವುದೋ ಒಂದು ಹದ ತಪ್ಪಿದೆ ಎಂದು ತಿಳಿಯಬೇಕು.

ದಾಳಿಂಬೆ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ತಾರಸಿಗೆ ಜೇನು ಬರುವ ಮನೆಗಳಲ್ಲಿ ಕೈ ಹಾಕುವ ಅಗತ್ಯವಿಲ್ಲ. ಎತ್ತರದ ಅಪಾರ್ಟ್‌ಮೆಂಟುಗಳ ಬಾಲ್ಕನಿಯಲ್ಲಿ ಬೆಳೆಸುವವರು ಮಕ್ಕಳ ಚಿತ್ರಕಲೆಯ ಮೆತ್ತನೆಯ ಕುಂಚವೊಂದನ್ನು ತೆಗೆದುಕೊಂಡು, ಬೆಳಗಿನ ಬಿಸಿಲೇರಿದ ಮೇಲೆ ಗಂಡು ಹೂವಿನ ಹಳದಿ ಧೂಳನ್ನು ಹೂಜಿ ಹೂವಿನ ಶಲಾಕೆಯ ತುದಿಗೆ ಸವರಿದರೆ ಫಲ ಖಚಿತವಾಗುತ್ತದೆ. ಒಟ್ಟಿನಲ್ಲಿ ಬಿಸಿಲು ಬೇಕೇ ಬೇಕು, ದಿನಕ್ಕೆ ಆರು ಗಂಟೆಗೆ ಕಡಿಮೆಯಾದರೆ ಹೂವಿನ ಆಸೆ ಬಿಡಬೇಕು. ಬೋನ್ಸಾಯ್ ಎಂದರೆ ಹಾಲ್‌ನ ಟೀಪಾಯಿಯ ಮೇಲಿಡುವ ಅಲಂಕಾರವೆಂದು ತಿಳಿದು ಒಳಗೆ ಇರಿಸಿದ ಗಿಡಗಳ ಗತಿಯನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ. ಅತಿಥಿಗಳು ಬಂದಾಗ ಒಂದು ದಿನ ಒಳಗಿಡಬಹುದು, ಅಷ್ಟೇ.

ಇನ್ನು ಕಾಯಿ ತೆಗೆಯುವ ಮಾತು. ಹೂವು ಗೊಂಚಲಾಗಿ ಬಂದಲ್ಲಿ ತುದಿಯ ದೊಡ್ಡ ಹೂವನ್ನುಳಿಸಿ ಉಳಿದವನ್ನು ಮೊಗ್ಗಿನಲ್ಲೇ ಚಿವುಟುತ್ತೇನೆ. ಕಾಯಿ ನಿಂತು ಗೋಲಿ ಗಾತ್ರಕ್ಕೆ ಬಂದಾಗ ಎರಡನೆಯ ಆಯ್ಕೆ. ಈ ಆಯ್ಕೆಗೆ ನನ್ನ ನಿಯಮಗಳು ಕೆಲವಿವೆ. ತುತ್ತತುದಿಯ ತೆಳು ರೆಂಬೆಯಲ್ಲಿ ನಿಂತ ಕಾಯಿ ಎಷ್ಟೇ ಅಂದವಾಗಿದ್ದರೂ ಅದಕ್ಕೆ ಉಳಿವಿಲ್ಲ, ಏಕೆಂದರೆ ಅದರ ಭಾರಕ್ಕೆ ರೆಂಬೆ ಜೋತು, ತಂತಿ ಸುತ್ತಿ ಅದಕ್ಕೆ ಆಕಾರ ಕೊಟ್ಟ ವರ್ಷಗಳ ಕೆಲಸ ಹಾಳಾಗುತ್ತದೆ. ಕೆಳಗಿನ ರೆಂಬೆ ಇನ್ನೂ ದಪ್ಪವಾಗಬೇಕಿದ್ದರೆ ಅಲ್ಲಿಯೂ ಕಾಯಿ ಕೂಡದು. ಕಾಂಡಕ್ಕೆ ಹತ್ತಿರವಾಗಿ, ಎಲೆಯ ನೆರಳು ಬೀಳುವಂತೆ, ಮುಂದಿನಿಂದ ನೋಡಿದರೆ ಅರ್ಧ ಮರೆಯಾಗಿ ಕಾಣುವ ಕಾಯಿಯೇ ಉಳಿಯತಕ್ಕದ್ದು. ಸಾಮಾನ್ಯ ದಾಳಿಂಬೆಯಾದರೆ ಇಂಥದ್ದು ಒಂದು, ಹೆಚ್ಚೆಂದರೆ ಎರಡು. ಕುಬ್ಜ ತಳಿಗೆ ನಾಲ್ಕೈದು ಸರಿಯಾದೀತು. ಹೊಲದಲ್ಲಿ ಆಳೆತ್ತರ ಬೆಳೆದ ಗಿಡಕ್ಕೂ ಸುಮಾರು 60ರಿಂದ 80 ಕಾಯಿ ಸಾಕೆಂದು ತೋಟಗಾರಿಕೆಯವರು ಹೇಳುವಾಗ ತಟ್ಟೆಯ ಗಿಡಕ್ಕೆ ಎರಡೇ ಎಂಬುದು ಜಿಪುಣತನವೇನಲ್ಲ. ನೋಡುವ ಕಣ್ಣಿಗೂ ಅದೇ ಹಿತ. ಒಂದೂವರೆ ಅಡಿಯ ಮರದಲ್ಲಿ ಮುಷ್ಟಿಗಾತ್ರದ ಆರು ಹಣ್ಣುಗಳು ತೂಗುತ್ತಿದ್ದರೆ ಹಳೆಯ ಮರವೆಂಬ ಭ್ರಮೆ ಒಡೆದು, ಹಣ್ಣು ಕಟ್ಟಿದ ಕಡ್ಡಿಯಷ್ಟೇ ಉಳಿಯುತ್ತದೆ.

ತೆಗೆಯುವಾಗ ಕೈ ಹಿಂಜರಿಯುತ್ತದೆ ಎಂಬುದು ನಿಜ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ನಾನು ಚಿವುಟಿ ಹಾಕಿದ ಎಳೆಗಾಯಿಗಳನ್ನು ನೋಡಿ, "ಅಯ್ಯೋ, ಬಸುರಿ ಗಿಡಾನ ಹೀಗೆ ಮಾಡ್ತಾರೇನಮ್ಮಾ?" ಎಂದು ಬೇಸರಪಟ್ಟುಕೊಂಡಿದ್ದರು. ಬೋನ್ಸಾಯ್ ಎಂಬುದೇ ಗಿಡಕ್ಕೆ ಕೊಡುವ ಹಿಂಸೆ, ಅದನ್ನು ಮನೆಯಲ್ಲಿಟ್ಟರೆ ಮನೆಯವರ ಏಳಿಗೆಯೂ ಕುಗ್ಗುತ್ತದೆ ಎಂಬ ವಾಸ್ತುವಿನ ಮಾತನ್ನೂ ಅವರು ಸೇರಿಸಿದರು. ಏಳಿಗೆಯ ಬಗ್ಗೆ ನಾನು ವಾದಿಸುವುದಿಲ್ಲ. ಹಿಂಸೆಯ ಮಾತಿಗೆ ಮಾತ್ರ ಉತ್ತರವಿದೆ: ನೀರು ನಿಲ್ಲಿಸಿ ಎಲೆ ಉದುರಿಸುವುದು, ಸವರುವುದು, ಕಾಯಿ ಕಿತ್ತು ಹಗುರ ಮಾಡುವುದು ಇವೆಲ್ಲ ನಾವು ಅಂಗಡಿಯಿಂದ ತಂದು ತಿನ್ನುವ ಹಣ್ಣಿನ ತೋಟದಲ್ಲೂ ನಡೆಯುವ ಕೆಲಸಗಳು. ಅಲ್ಲಿ ಅದಕ್ಕೆ ಬೇಸಾಯವೆನ್ನುತ್ತೇವೆ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನದಲ್ಲಿ ವರ್ಷಗಳಿಂದ ಬಾಳಿಕೊಂಡು ಬಂದ ಮರಗಳನ್ನು ಒಮ್ಮೆ ನೋಡಿ ಬಂದರೆ ಆರೈಕೆಗೂ ಹಿಂಸೆಗೂ ಇರುವ ದೂರ ಕಣ್ಣಿಗೆ ಕಾಣುತ್ತದೆ.

ಕಾಯಿ ನಿಂತ ಮೇಲಿನ ಐದಾರು ತಿಂಗಳಲ್ಲಿ ನೀರಿನದ್ದೇ ಕಾವಲು. ಫೆಬ್ರವರಿಯಲ್ಲಿ ಹೂವಾದರೆ ಕಾಯಿ ಬೆಳೆಯುವುದು ಸರಿಯಾಗಿ ಬೇಸಿಗೆಯಲ್ಲಿ. ಏಪ್ರಿಲ್‌ನ ಮಧ್ಯಾಹ್ನ ಕಾಂಕ್ರೀಟ್ ತಾರಸಿಯ ಮೇಲಿಟ್ಟ ತಟ್ಟೆಯನ್ನು ಮುಟ್ಟಿ ನೋಡಿದವರಿಗೆ ಬೇರಿನ ಪಾಡು ಅರ್ಥವಾಗುತ್ತದೆ. ಎಲೆಗೆ ಬಿಸಿಲು ಬೇಕು, ಬೇರಿಗೆ ಬೇಡ. ಆದ್ದರಿಂದ ತಟ್ಟೆಯನ್ನು ಮರದ ಹಲಗೆಯ ಮೇಲೆ ಎತ್ತರಿಸಿ, ಮಣ್ಣಿನ ಮೇಲೆ ಪಾಚಿಯನ್ನೋ ತೆಂಗಿನ ನಾರನ್ನೋ ಹೊದಿಸಿ, ನಡುಹಗಲಿನ ಮೂರು ನಾಲ್ಕು ಗಂಟೆ ಹಸಿರು ನೆರಳುಪರದೆ ಎಳೆಯುತ್ತೇನೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತಳದ ತೂತಿನಿಂದ ಇಳಿದು ಬರುವಷ್ಟು ನೀರು. ಬೇಸಿಗೆಯಲ್ಲಿ ಊರಿಗೆ ಹೋಗಬೇಕಾದವರು ಆ ವರ್ಷ ಕಾಯಿ ಬಿಡದಿರುವುದೇ ಕ್ಷೇಮ. ಒಂದು ದಿನ ಒಣಗಿ ಮರುದಿನ ನೆನೆದ ಗಿಡದಲ್ಲಿ ಕಾಯಿ ಬಿರಿಯುತ್ತದೆ: ಒಣಗಿದಾಗ ಸಿಪ್ಪೆ ಬಿಗಿದು ತನ್ನ ಹಿಗ್ಗುವ ಗುಣವನ್ನು ಕಳೆದುಕೊಳ್ಳುತ್ತದೆ, ನೀರು ಬಂದೊಡನೆ ಒಳಗಿನ ಕಾಳುಗಳು ಉಬ್ಬುತ್ತವೆ, ಸಿಪ್ಪೆ ಸೀಳುತ್ತದೆ. ಬೋರಾನ್ ಕೊರತೆಯಿಂದಲೂ ಹೀಗಾಗುವುದುಂಟು. ಆದರೆ ಮನೆಯ ಕುಂಡಗಳಲ್ಲಿ ನಾನು ಕಂಡ ಬಿರುಕುಗಳಿಗೆಲ್ಲ ಕಾರಣ ನೀರಿನ ಏರುಪೇರೇ. ಕೊಳವೆಬಾವಿಯ ಗಡುಸು ನೀರಿನ ಬಗ್ಗೆ ದಾಳಿಂಬೆಗೆ ಅಷ್ಟೇನೂ ತಕರಾರಿಲ್ಲ, ಕಾಮಿನಿಯಾದರೆ ಎಲೆಯ ನರವಷ್ಟೇ ಹಸಿರಾಗಿ ಉಳಿದು ಮಿಕ್ಕಿದ್ದೆಲ್ಲ ಹಳದಿಗೆ ತಿರುಗಿ ತನ್ನ ಅಸಮಾಧಾನವನ್ನು ಕೂಡಲೇ ತಿಳಿಸುತ್ತದೆ.

ಮಳೆ ಶುರುವಾದ ಮೇಲೆ ಕಾವಲಿನ ಸ್ವರೂಪ ಬದಲಾಗುತ್ತದೆ. ಎಲೆಯ ಮೇಲೆ ನೀರಲ್ಲಿ ನೆನೆದಂಥ ಕಪ್ಪು ಚುಕ್ಕೆಗಳು, ಅವುಗಳ ಸುತ್ತ ಹಳದಿ ಉಂಗುರ ಕಂಡರೆ ಅಂಗಮಾರಿಯ ಅನುಮಾನ ಪಡಬೇಕು. ಮಳೆಯ ಹನಿ ಸಿಡಿದಲ್ಲೆಲ್ಲ ಆ ರೋಗ ಹಬ್ಬುತ್ತದೆ. ಅಂಥ ರೆಂಬೆಯನ್ನು ಕತ್ತರಿಸಿ ಸುಟ್ಟು, ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಿ, ಗಿಡವನ್ನು ಸೂರಿನಡಿಗೆ ಸರಿಸುವುದು ತಾರಸಿಯವರಿಗಿರುವ ಅನುಕೂಲ. ಹತ್ತು ಎಕರೆಯವರಿಗೆ ಅದು ಇಲ್ಲ. ಹಿಟ್ಟು ತಿಗಣೆ, ಹೇನುಗಳು ಬೇವಿನ ಎಣ್ಣೆಗೆ ಬಗ್ಗುತ್ತವೆ. ಬಗ್ಗದಿರುವುದು ದಾಳಿಂಬೆಯ ಚಿಟ್ಟೆ. ಅದು ಹೂವಿನ ಹೊರಕೋಶದ ಮೇಲೋ ಎಳೆಗಾಯಿಯ ಮೇಲೋ ಒಂದೊಂದೇ ಮೊಟ್ಟೆಯಿಟ್ಟು ಹೋಗುತ್ತದೆ. ಹುಳು ಒಳಗೆ ಕೊರೆದುಕೊಂಡು ಹೋದ ಮೇಲೆ ಹೊರಗೆ ಕಾಣುವುದು ಗುಂಡುಸೂಜಿಯ ತಲೆಯಷ್ಟು ತೂತು, ಅದರ ಬಾಯಲ್ಲಿ ಅಂಟಿಕೊಂಡ ಕಂದು ಹಿಕ್ಕೆ. ಆ ತೂತು ಕಂಡ ಕಾಯಿಯನ್ನು ಕೀಳುವುದೊಂದೇ ದಾರಿ. ಅದಕ್ಕಾಗಿ ಕಾಯಿ ಗೋಲಿ ಗಾತ್ರಕ್ಕೆ ಬಂದು ಆಯ್ಕೆ ಮುಗಿದ ದಿನವೇ ಉಳಿದ ಒಂದೆರಡಕ್ಕೆ ತೆಳ್ಳನೆಯ ಮಲ್‌ಮಲ್ ಬಟ್ಟೆಯ ಚೀಲ ತೊಡಿಸಿ ದಾರ ಕಟ್ಟುತ್ತೇನೆ. ಕಾಯಿಗಳನ್ನು ಕಡಿಮೆ ಮಾಡುವುದರ ಇನ್ನೊಂದು ಲಾಭ ಇದು. ಎರಡು ಕಾಯಿಗೆ ಅಂಗಿ ಹೊಲಿಯಬಹುದು, ಇಪ್ಪತ್ತಕ್ಕಾಗುವುದಿಲ್ಲ.

ಹಣ್ಣಾದ ಮೇಲೆ ಅದನ್ನು ಗಿಡದಲ್ಲೇ ಎಷ್ಟು ದಿನ ಬಿಡಬಹುದು ಎಂಬ ಪ್ರಶ್ನೆಗೆ ಬೋನ್ಸಾಯ್ ಬಳಗದಲ್ಲಿ ಒಮ್ಮತವಿಲ್ಲ. ನೋಡಲೆಂದು ಬೆಳೆಸಿದ ಹಣ್ಣನ್ನು ಬಣ್ಣ ಬಂದೊಡನೆ ಕಿತ್ತರೆ ಇಷ್ಟೆಲ್ಲ ಪಾಡುಪಟ್ಟದ್ದೇಕೆ ಎನ್ನುವವರಿದ್ದಾರೆ. ಅವರು ಹೇಳುವುದರಲ್ಲಿ ಸತ್ಯವಿದೆ, ಕುಬ್ಜ ತಳಿಯಾದರೆ ತಿಂಗಳುಗಟ್ಟಲೆ ಹಣ್ಣು ಹೊತ್ತು ನಿಲ್ಲುವ ಶಕ್ತಿಯೂ ಅದಕ್ಕಿದೆ. ದೊಡ್ಡ ಹಣ್ಣಿನ ಗಿಡದಲ್ಲಿ ಮಾತ್ರ ಸಿಪ್ಪೆ ಹೊಳಪು ಕಳೆದುಕೊಂಡು, ಬದಿಗಳು ದುಂಡುತನ ಬಿಟ್ಟು ಸ್ವಲ್ಪ ಚಪ್ಪಟೆಯಾಗಿ, ಬೆರಳಿಂದ ತಟ್ಟಿದರೆ ಲೋಹದಂಥ ಸದ್ದು ಬಂದ ವಾರದೊಳಗೆ ನಾನು ಕೀಳುತ್ತೇನೆ. ತೊಟ್ಟನ್ನು ತಿರುಚಬಾರದು, ಕತ್ತರಿಸಬೇಕು. ಶಿರಾದ ಹಿತ್ತಲಿನ ತಾಯಿಮರದ ಹಣ್ಣಿಗಿಂತ ಇದರ ಕಾಳು ಹುಳಿ ಎಂದು ಅತ್ತಿಗೆಯ ತೀರ್ಪಾಗಿದೆ, ನನಗೂ ಹಾಗೇ ಅನ್ನಿಸುತ್ತದೆ. ಹಣ್ಣು ಕಿತ್ತ ಮೇಲೆ ಗಿಡಕ್ಕೆ ಹಿಂಡಿ ಹಾಕಿ, ಹೂವಿಗಾಗಿ ಇಷ್ಟು ದಿನ ಸಹಿಸಿಕೊಂಡ ಉದ್ದ ಚಿಗುರುಗಳನ್ನೆಲ್ಲ ಒಳಕ್ಕೆ ಸವರಿ, ತಂತಿ ಬೇಕಾದ ಎಳೆಯ ರೆಂಬೆಗಳಿಗೆ ಅಲ್ಯೂಮಿನಿಯಂ ತಂತಿ ಸುತ್ತುತ್ತೇನೆ. ಬಲಿತ ದಾಳಿಂಬೆ ರೆಂಬೆ ಬಾಗುವ ಮೊದಲೇ ಮುರಿಯುವುದರಿಂದ ಇದಕ್ಕೆ ಎಳೆಯವೇ ಆಗಬೇಕು. ನಮ್ಮ ಹವೆಯಲ್ಲಿ ತಂತಿ ತೊಗಟೆಗೆ ಬೇಗ ಇಳಿಯುತ್ತದೆ, ಆದ್ದರಿಂದ ಪ್ರತಿ ವಾರ ನೋಡುತ್ತಿರಬೇಕು.

ಬರುವ ಹಂಗಾಮಿನಲ್ಲಿ ಶಿರಾದ ಗಿಡಕ್ಕೆ ಹೂವು ಬಂದರೂ ಒಂದು ಕಾಯಿಯನ್ನೂ ಉಳಿಸುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಎಡಗಡೆಯ ಕೆಳರೆಂಬೆ ಮೇಲಿನ ರೆಂಬೆಗಿಂತ ತೆಳ್ಳಗೇ ಉಳಿದಿದೆ, ಅದು ದಪ್ಪವಾಗಬೇಕಾದರೆ ಒಂದು ವರ್ಷವಾದರೂ ಅದರ ದುಡಿಮೆ ಅದಕ್ಕೇ ಸಿಗಬೇಕು. ಅಲ್ಲಿಯವರೆಗೆ ಹೂಜಿ ಹೂವುಗಳನ್ನು ದಳ ಉದುರುವ ತನಕ ಬಿಟ್ಟು, ಬುಡ ಉಬ್ಬತೊಡಗಿದ ಕೂಡಲೇ ಚಿವುಟುವುದು. ಹಣ್ಣು ಕೇಳುವವರಿಗೆ ಕುಬ್ಜ ದಾಳಿಂಬೆಯಿದೆ.